ನಿಮ್ಮ ಊರಿಗೆ ರೈಲು: ಯಾರ ಜೇಬಿನ ಹಣ ಕೇಳಬೇಕು?

ಕರ್ನಾಟಕದ ಯಾವುದೇ ತಾಲ್ಲೂಕಿನ ರೈಲ್ವೆ ಹೋರಾಟ ಸಮಿತಿಯ ಮನವಿ ತೆಗೆದು ನೋಡಿ. ಮೂರು ಬೇಡಿಕೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ: ಹಳಿ ಹಾಕಿ, ರೈಲು ಓಡಿಸಿ, ನಮ್ಮಲ್ಲಿ ನಿಲ್ಲಿಸಿ. ಈ ಮೂರಕ್ಕೂ ಹಣ ಬರುವ ದಾರಿ ಬೇರೆ, ತೀರ್ಮಾನ ಮಾಡುವ ಕುರ್ಚಿ ಬೇರೆ, ಹಿಡಿಯುವ ಕಾಲವೂ ಬೇರೆ. ನಿಲುಗಡೆ ಆರು ತಿಂಗಳಲ್ಲಿ ಸಿಗಬಹುದು, ಹೊಸ ಮಾರ್ಗಕ್ಕೆ ಇಪ್ಪತ್ತು ವರ್ಷ ಹೋದ ಉದಾಹರಣೆ ನಮ್ಮಲ್ಲೇ ಇದೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟರೆ ಆ ಹಾಳೆ ಯಾವ ಕಡತಕ್ಕೂ ಸರಿಯಾಗಿ ಸೇರುವುದಿಲ್ಲ.

ಇಲ್ಲಿ ಹೋಲಿಸಿರುವುದು ಹಣದ ದಾರಿಗಳನ್ನು: ಪೂರ್ತಿ ಕೇಂದ್ರದ ಹಣ, ಕೇಂದ್ರ–ರಾಜ್ಯ ಅರ್ಧಕ್ಕರ್ಧ, ಪಾಲುದಾರಿಕೆ ಕಂಪನಿ, ವಿದೇಶಿ ಸಾಲ, ಖಾಸಗಿ ಬಂಡವಾಳ, ಮತ್ತು ನಮ್ಮ ದೇಶದಲ್ಲಿ ಇನ್ನೂ ಸರಿಯಾಗಿ ಹುಟ್ಟದ ಒಂದು ದಾರಿ, ಅಂದರೆ ರೈಲು ಓಡಿಸುವ ನಷ್ಟವನ್ನೇ ರಾಜ್ಯ ತುಂಬಿಕೊಡುವುದು. ಎಲ್ಲವೂ ಎಲ್ಲ ಊರಿಗೂ ಹೊಂದುವುದಿಲ್ಲ.

ಕಟ್ಟುವ ಹಣ, ಓಡಿಸುವ ಹಣ

2017-18ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇಲ್ಲ. ಬಂಡವಾಳದ ಬಹುಪಾಲು ಕೇಂದ್ರದ ಸಾಮಾನ್ಯ ಬಜೆಟ್‌ನಿಂದಲೇ ಬರುತ್ತದೆ. 2025-26ಕ್ಕೆ ಆ ಮೊತ್ತ 2.52 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕರ್ನಾಟಕದ ಕೆಲಸಗಳಿಗೆ ಎಂದು ತೋರಿಸಿದ್ದು 7,564 ಕೋಟಿ. 2009–14ರ ನಡುವೆ ವರ್ಷಕ್ಕೆ ಸರಾಸರಿ 835 ಕೋಟಿ ಇತ್ತು. ಏರಿಕೆ ದೊಡ್ಡದೇ. ಆದರೆ ಇದೆಲ್ಲ ಕಟ್ಟುವ ಹಣ: ಹಳಿ, ಸೇತುವೆ, ಸಿಗ್ನಲ್, ಬೋಗಿ, ಎಂಜಿನ್.

ದಿನನಿತ್ಯ ರೈಲು ಓಡಿಸುವ ಖರ್ಚು, ಅಂದರೆ ವಿದ್ಯುತ್ತು, ಡೀಸೆಲ್, ಸಂಬಳ, ಪಿಂಚಣಿ, ರಿಪೇರಿ, ಇವೆಲ್ಲ ರೈಲ್ವೆಯ ಸ್ವಂತ ಗಳಿಕೆಯಿಂದ ಹೋಗಬೇಕು. ಟಿಕೆಟ್ ಹಣ ಅದಕ್ಕೆ ಸಾಲುವುದಿಲ್ಲ. ರೈಲ್ವೆ ಸಚಿವರು ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಪ್ರಯಾಣಿಕನಿಗೆ ಸರಾಸರಿ ಶೇ 46 ರಿಯಾಯಿತಿ ಸಿಗುತ್ತಿದೆ. ನೂರು ರೂಪಾಯಿ ಖರ್ಚಿನ ಪ್ರಯಾಣಕ್ಕೆ ನಾವು ಕೊಡುವುದು 54 ರೂಪಾಯಿ. 2022-23ರಲ್ಲಿ ಈ ಕೊರತೆ ಒಟ್ಟು 56,993 ಕೋಟಿ. ಇದನ್ನು ತುಂಬುವುದು ಕಲ್ಲಿದ್ದಲು, ಅದಿರು, ಸಿಮೆಂಟ್ ಸಾಗಿಸುವ ಗೂಡ್ಸ್ ಗಾಡಿಗಳು.

ಉಳಿದ ಎಲ್ಲ ಹೋಲಿಕೆಗೂ ಇದೇ ಬುಡ. ರೈಲ್ವೆಯ ಲೆಕ್ಕಪುಸ್ತಕದಲ್ಲಿ ಹೊಸ ಪ್ಯಾಸೆಂಜರ್ ರೈಲು ಎಂದರೆ ಹೊಸ ನಷ್ಟ. ಸಾಲದ್ದಕ್ಕೆ ಅದು ಒಂದು ಗೂಡ್ಸ್ ಗಾಡಿ ಹೋಗಬಹುದಾಗಿದ್ದ ಹೊತ್ತನ್ನೂ ತಿನ್ನುತ್ತದೆ. ಹಳಿಗೆ ರಾಜ್ಯ ಸಾವಿರ ಕೋಟಿ ಸುರಿದರೂ ಅದರ ಮೇಲೆ ದಿನಕ್ಕೆ ಎಷ್ಟು ರೈಲು ಓಡಬೇಕು ಎಂದು ಯಾರೂ ಬರೆದುಕೊಡುವುದಿಲ್ಲ.

ಹಳಿ ಇದೆ, ರೈಲಿಲ್ಲ: ಅಗ್ಗದ ದಾರಿ ಇದೇ

ನಿಮ್ಮ ಊರಿನಲ್ಲಿ ಈಗಾಗಲೇ ಹಳಿ ಇದ್ದರೆ ಹೊಸ ಮಾರ್ಗದ ಮಾತು ಬದಿಗಿಟ್ಟು ರೈಲು ಕೇಳಿ. ಕೇಳುವ ಮುನ್ನ ನಾಲ್ಕು ವಿಷಯ ನೋಡಿಕೊಳ್ಳಬೇಕು: ರೇಕ್, ಪಿಟ್ ಲೈನ್, ಸಮಯದ ಜಾಗ, ಸಿಬ್ಬಂದಿ.

ರೇಕ್ ಎಂದರೆ ಒಂದು ರೈಲಿನ ಪೂರ್ತಿ ಬೋಗಿಗಳ ಸೆಟ್. ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವ ದಿನನಿತ್ಯದ ರೈಲಿಗೆ ಎರಡು ರೇಕ್ ಬೇಕು, ಏಕೆಂದರೆ ಒಂದು ಆ ತುದಿಯಲ್ಲಿದ್ದಾಗ ಇನ್ನೊಂದು ಈ ತುದಿಯಿಂದ ಹೊರಡಬೇಕು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಇಂಟರ್‌ಸಿಟಿಗೆ ಒಂದೇ ಸಾಕು. ಸಣ್ಣ ಊರಿನ ಸಮಿತಿಗಳು ‘ಬೆಂಗಳೂರಿಗೆ ರಾತ್ರಿ ರೈಲು’ ಎಂದೇ ಪಟ್ಟು ಹಿಡಿಯುವುದು ಸಹಜ. ಆದರೆ ಹಗಲಿನ ಇಂಟರ್‌ಸಿಟಿ ಕೇಳಿದರೆ ಕೇಳಿದ್ದು ಅರ್ಧ ಬಂಡವಾಳ, ಒಪ್ಪಿಸುವುದೂ ಸುಲಭ.

ಪಿಟ್ ಲೈನ್ ಎಂದರೆ ಬೋಗಿಯ ಕೆಳಗೆ ಇಳಿದು ಬ್ರೇಕ್, ಸ್ಪ್ರಿಂಗ್, ಗಾಲಿ ಪರೀಕ್ಷಿಸುವ ಹಳಿ. ಪೂರ್ಣ ಉದ್ದದ ಒಂದು ರೇಕಿಗೆ ಸುಮಾರು 6 ಗಂಟೆ ಹಿಡಿಯುತ್ತದೆ. ಬೆಂಗಳೂರಿನ ನಿಲ್ದಾಣಗಳಲ್ಲಿ ಹೊಸ ರೈಲಿಗೆ ಜಾಗವಿಲ್ಲ ಎಂದು ಅಧಿಕಾರಿಗಳು ಹೇಳುವಾಗ ಪ್ಲಾಟ್‌ಫಾರ್ಮ್ ಒಂದನ್ನೇ ಉದ್ದೇಶಿಸಿ ಹೇಳುವುದಿಲ್ಲ, ಪಿಟ್ ಲೈನಿನ ಸರದಿಯೂ ಅದರೊಳಗೆ ಸೇರಿದೆ. ಹಾಗಾಗಿ ‘ನಮ್ಮ ಜಿಲ್ಲಾ ಕೇಂದ್ರದಲ್ಲಿ ಒಂದು ಪಿಟ್ ಲೈನ್ ಹಾಕಿ’ ಎಂಬ ಬೇಡಿಕೆ ಹತ್ತು ರೈಲಿನ ಬೇಡಿಕೆಗಿಂತ ಹೆಚ್ಚು ದೂರ ಹೋಗುತ್ತದೆ. ಪಿಟ್ ಲೈನ್ ಇರುವ ಊರಿನಿಂದ ರೈಲು ಹೊರಡಿಸಬಹುದು, ಇಲ್ಲದ ಊರಿಗೆ ಹಾದುಹೋಗುವ ರೈಲಿನ ನಿಲುಗಡೆಯೇ ಗತಿ.

ಇದಕ್ಕಿಂತಲೂ ಕಡಿಮೆ ಖರ್ಚಿನ ಉಪಾಯ ವಿಸ್ತರಣೆ. ಹತ್ತಿರದ ದೊಡ್ಡ ನಿಲ್ದಾಣಕ್ಕೆ ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಮರಳುವ ರೈಲಿದೆ ಎಂದುಕೊಳ್ಳಿ. ರೇಕ್ 12 ಗಂಟೆ ಸುಮ್ಮನೆ ನಿಂತಿರುತ್ತದೆ. ನಿರ್ವಹಣೆಗೆ 6 ಗಂಟೆ ಕಳೆದರೆ 6 ಉಳಿಯಿತು. ನಿಮ್ಮ ಊರು 80 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರಲು ನಾಲ್ಕು ಗಂಟೆ ಸಾಕು. ಹೊಸ ರೇಕ್ ಬೇಡ, ಹೊಸ ಪಿಟ್ ಲೈನ್ ಬೇಡ. ಆ ಎರಡು ಗಂಟೆಯ ಉಳಿಕೆಯನ್ನು ತಡವಾಗಿ ಬರುವ ರೈಲಿಗೆ ಮೀಸಲಿಡಬೇಕು, ಇಲ್ಲದಿದ್ದರೆ ಒಂದು ದಿನದ ವಿಳಂಬ ಮರುದಿನಕ್ಕೂ ದಾಟುತ್ತದೆ ಎಂದು ವಲಯ ಕಚೇರಿ ಕೈಬಿಡುತ್ತದೆ. ವೇಳಾಪಟ್ಟಿ ಕೈಯಲ್ಲಿ ಹಿಡಿದು ಇಂಥ ನಿಂತ ರೇಕ್ ಹುಡುಕಿಕೊಟ್ಟ ಮನವಿಗೆ ತೂಕ ಬೇರೆಯೇ.

ಸಮಯದ ಜಾಗ, ಅಂದರೆ ಹಳಿಯ ಮೇಲೆ ಒಂದು ರೈಲು ಹಾದುಹೋಗಲು ಸಿಗುವ ಬಿಡುವಿನ ಹೊತ್ತು, ಏಕಹಳಿ ಮಾರ್ಗಗಳ ದೊಡ್ಡ ತಲೆನೋವು. ಸಾಮರ್ಥ್ಯದ ಬಳಕೆ ಶೇ 100 ದಾಟಿದ ಮಾರ್ಗದಲ್ಲಿ ಹೊಸ ರೈಲು ಸೇರಿಸಿದರೆ ಇರುವ ರೈಲುಗಳೇ ಕ್ರಾಸಿಂಗ್‌ಗೆ ಕಾಯುತ್ತಾ ನಿಲ್ಲುತ್ತವೆ. ಅಲ್ಲಿ ಕೇಳಬೇಕಾದದ್ದು ಜೋಡಿ ಮಾರ್ಗ, ಅಂದರೆ ಪಕ್ಕದಲ್ಲೇ ಎರಡನೇ ಹಳಿ.

ಬರೀ ನಿಲುಗಡೆಯ ವಿಷಯಕ್ಕೆ ಬಂದರೆ, ಅದನ್ನು ಸಾಮಾನ್ಯವಾಗಿ ಮೊದಲು ಆರು ತಿಂಗಳ ಪ್ರಾಯೋಗಿಕ ನಿಲುಗಡೆಯಾಗಿ ಕೊಡುತ್ತಾರೆ. ನಂತರ ಆ ನಿಲ್ದಾಣದಲ್ಲಿ ಮಾರಾಟವಾದ ಟಿಕೆಟ್ ಲೆಕ್ಕ ನೋಡುತ್ತಾರೆ. ಊರಿನವರು ಹತ್ತುವುದು ಇಲ್ಲಿ, ಟಿಕೆಟ್ ಮಾತ್ರ ಮೂಲ ನಿಲ್ದಾಣದಿಂದ ಬುಕ್ ಮಾಡಿಸಿದ್ದು ಎಂದಾದರೆ ಆ ಆದಾಯ ಲೆಕ್ಕಕ್ಕೆ ಸಿಗುವುದಿಲ್ಲ. ನಿಲುಗಡೆ ಸಿಕ್ಕ ದಿನ ಹಾರ ಹಾಕಿ, ಸಿಹಿ ಹಂಚಿ, ಆರು ತಿಂಗಳ ನಂತರ ಕಳೆದುಕೊಳ್ಳುವುದು ಹೀಗೆಯೇ.

ಪೂರ್ತಿ ಕೇಂದ್ರದ ಹಣ

ಹೊಸ ಮಾರ್ಗ ಅಥವಾ ಜೋಡಿ ಮಾರ್ಗಕ್ಕೆ ಕೇಂದ್ರವೇ ಪೂರ್ತಿ ಹಣ ಹಾಕಬೇಕು ಎಂದರೆ ಆ ಮಾರ್ಗ ಗಳಿಸಿಕೊಡುತ್ತದೆ ಎಂದು ತೋರಿಸಬೇಕು. ಬಹುಕಾಲ ರೈಲ್ವೆ ಯೋಜನೆಗಳಿಗೆ ಶೇ 14ರ ಪ್ರತಿಫಲ ಮಾನದಂಡವಾಗಿತ್ತು. ಬರೀ ಪ್ರಯಾಣಿಕರಿಂದ ಆ ಮಟ್ಟ ಮುಟ್ಟುವ ಮಾರ್ಗ ದೇಶದಲ್ಲೇ ಅಪರೂಪ. ಮುಟ್ಟಿಸುವುದು ಸರಕು.

2025ರ ಜೂನ್‌ನಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಬಳ್ಳಾರಿ–ಚಿಕ್ಕಜಾಜೂರು ಜೋಡಿ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು: 185 ಕಿ.ಮೀ., 3,342 ಕೋಟಿ. ಅಲ್ಲಿ ಅದಿರು ಇದೆ, ಉಕ್ಕು ಇದೆ, ಮಂಗಳೂರು ಬಂದರಿನ ಕಡೆಗೆ ದಾರಿ ಇದೆ. ಒಪ್ಪಿಗೆಗೆ ಕಾರಣ ಗೂಡ್ಸ್ ಆದರೂ ಎರಡನೇ ಹಳಿ ಬಿದ್ದ ಮೇಲೆ ಚಿತ್ರದುರ್ಗದ ಪ್ರಯಾಣಿಕನಿಗೂ ಸಮಯದ ಜಾಗ ಹುಟ್ಟುತ್ತದೆ. ನಿಮ್ಮ ಜಿಲ್ಲೆಯಲ್ಲಿ ಗಣಿ, ಸಿಮೆಂಟ್ ಕಾರ್ಖಾನೆ, ವಿದ್ಯುತ್ ಸ್ಥಾವರ ಅಥವಾ ದೊಡ್ಡ ಗೋದಾಮು ಇದ್ದರೆ ಮನವಿಯ ಮೊದಲ ಪುಟದಲ್ಲಿ ಅದರ ಟನ್ ಲೆಕ್ಕ ಇರಲಿ. ದೇವಸ್ಥಾನ, ಪ್ರವಾಸಿ ತಾಣಗಳ ಪಟ್ಟಿ ಮೂರನೇ ಪುಟಕ್ಕೆ ಹೋದರೂ ನಡೆಯುತ್ತದೆ.

ಕಡತ ಸಾಗುವ ಕ್ರಮ ಹೀಗೆ: ಪ್ರಾಥಮಿಕ ಎಂಜಿನಿಯರಿಂಗ್ ಮತ್ತು ಸಂಚಾರ ಸರ್ವೆ, ಅಂತಿಮ ಸ್ಥಳ ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ಕೇಂದ್ರದ ಗತಿಶಕ್ತಿ ಮೂಲಸೌಕರ್ಯ ಯೋಜನೆಯ ಜಾಲ ಯೋಜನಾ ಗುಂಪಿನ ಪರಿಶೀಲನೆ, ನೀತಿ ಆಯೋಗ ಮತ್ತು ಹಣಕಾಸು ಸಚಿವಾಲಯದ ಅಭಿಪ್ರಾಯ, ದೊಡ್ಡ ಮೊತ್ತವಾದರೆ ಸಂಪುಟ ಸಮಿತಿ. ‘ಸರ್ವೆ ಮಂಜೂರಾಯಿತು’ ಎಂಬ ಸುದ್ದಿಗೆ ಪಟಾಕಿ ಹೊಡೆಯಬೇಡಿ. ಸರ್ವೆ ಆಗಿ ಕಪಾಟಿಗೆ ಸೇರಿದ ಮಾರ್ಗಗಳು ರಾಜ್ಯದಲ್ಲಿ ಬೇಕಾದಷ್ಟಿವೆ.

ಒಪ್ಪಿಗೆ ಸಿಕ್ಕಮೇಲೂ ಹಣ ಹರಿಯುತ್ತಿದೆಯೇ ಎಂದು ತಿಳಿಯಲು ಪಿಂಕ್ ಬುಕ್ ನೋಡಿ. ಬಜೆಟ್ ಜೊತೆ ಬರುವ ಈ ಪುಸ್ತಕದಲ್ಲಿ ವಲಯವಾರು ಪ್ರತಿ ಕೆಲಸದ ಒಟ್ಟು ಅಂದಾಜು, ಈವರೆಗಿನ ಖರ್ಚು, ಈ ವರ್ಷದ ಹಂಚಿಕೆ ಇರುತ್ತದೆ. ಹೊಸ ಮಾರ್ಗಗಳು ಪ್ಲಾನ್ ಹೆಡ್ (ಲೆಕ್ಕದ ಶೀರ್ಷಿಕೆ) 11ರಲ್ಲಿ, ಜೋಡಿ ಮಾರ್ಗ 15ರಲ್ಲಿ, ಲೂಪ್ ಲೈನಿನಂಥ ಸಂಚಾರ ಸೌಲಭ್ಯ 16ರಲ್ಲಿ, ಪ್ಲಾಟ್‌ಫಾರ್ಮ್, ನೆರಳು, ನೀರಿನಂಥ ಪ್ರಯಾಣಿಕರ ಸೌಲಭ್ಯ 53ರಲ್ಲಿ. ಮೊತ್ತಗಳು ಸಾವಿರ ರೂಪಾಯಿಯ ಲೆಕ್ಕದಲ್ಲಿರುತ್ತವೆ. ನಿಮ್ಮ ಮಾರ್ಗದ ಎದುರು ‘1’ ಎಂದಷ್ಟೇ ಇದ್ದರೆ ಆ ವರ್ಷ ಸಿಕ್ಕಿದ್ದು ಒಂದು ಸಾವಿರ ರೂಪಾಯಿ. ಯೋಜನೆಯ ಹೆಸರು ಪುಸ್ತಕದಿಂದ ಅಳಿಯದಿರಲಿ ಎಂಬುದಕ್ಕೆ ಇಟ್ಟ ಸಂಕೇತ ಅದು, ಕೆಲಸ ನಡೆಯಲಿ ಎಂಬುದಕ್ಕಲ್ಲ.

ಅರ್ಧಕ್ಕರ್ಧ: ಕರ್ನಾಟಕ ಹೆಚ್ಚು ನಂಬಿದ ದಾರಿ

ಗಳಿಕೆ ತೋರಿಸಲಾಗದ ಮಾರ್ಗಕ್ಕೆ ರಾಜ್ಯ ಅರ್ಧ ವೆಚ್ಚ ಕೊಟ್ಟರೆ ರೈಲ್ವೆಯ ಪಾಲಿನ ಬಂಡವಾಳ ಅರ್ಧಕ್ಕೆ ಇಳಿಯುತ್ತದೆ, ಪ್ರತಿಫಲದ ಲೆಕ್ಕ ಸುಧಾರಿಸುತ್ತದೆ. ಕರ್ನಾಟಕ ಇದಕ್ಕೆ ಮೊದಲೇ ಮುಂದಾದ ರಾಜ್ಯಗಳಲ್ಲೊಂದು. ಹಲವು ಮಾರ್ಗಗಳಿಗೆ ಅರ್ಧ ವೆಚ್ಚದ ಜೊತೆ ಭೂಮಿಯನ್ನೂ ಉಚಿತವಾಗಿ ಕೊಡುತ್ತದೆ. ತುಮಕೂರು–ದಾವಣಗೆರೆ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು, ಬಾಗಲಕೋಟೆ–ಕುಡಚಿ, ಗದಗ–ವಾಡಿ ಇವೆಲ್ಲ ಈ ಬಗೆಯವು. ಅಂದರೆ ಅರ್ಧಕ್ಕರ್ಧ ಎಂಬುದು ಹೆಸರಿಗೆ. ಭೂಮಿಯ ಬೆಲೆ ಸೇರಿಸಿದರೆ ರಾಜ್ಯದ ಕೈಯಿಂದ ಹೋಗುವುದು ಅರ್ಧಕ್ಕಿಂತ ಹೆಚ್ಚು.

ಕಲಬುರಗಿ–ಬೀದರ್ ಮಾರ್ಗವನ್ನು ಹತ್ತಿರದಿಂದ ನೋಡಿದರೆ ಈ ದಾರಿಯ ಗುಣದೋಷ ಎರಡೂ ಕಾಣುತ್ತವೆ. 110 ಕಿ.ಮೀ. ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರು. ಮೊದಲ ಅಂದಾಜು ಸುಮಾರು 370 ಕೋಟಿ. ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು, ಆ ಹೊತ್ತಿಗೆ ವೆಚ್ಚ 1,542 ಕೋಟಿ. ಅರ್ಧ ಎಂದರೆ ಮೊದಲು 185 ಕೋಟಿ ಇದ್ದದ್ದು ಕೊನೆಗೆ 771 ಕೋಟಿ. ವಿಳಂಬದ ಬೆಲೆಯನ್ನೂ ಅರ್ಧಕ್ಕರ್ಧ ಹಂಚಿಕೊಳ್ಳಬೇಕು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವಾಗ ಯಾರೂ ಒತ್ತಿ ಹೇಳುವುದಿಲ್ಲ. ಇಷ್ಟೆಲ್ಲ ಆಗಿ ಉದ್ಘಾಟನೆಯ ದಿನ ಹಸಿರು ಬಾವುಟ ಕಂಡದ್ದು ಒಂದು ಡೆಮು (ಡೀಸೆಲ್‌ನಲ್ಲಿ ಓಡುವ ಪ್ಯಾಸೆಂಜರ್ ರೈಲು). ಇನ್ನೊಂದು ತೊಡಕು: ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ. ಹಣ ಕೊಟ್ಟ ರಾಜ್ಯದ ರಾಜಧಾನಿ ಈ ಎರಡಕ್ಕೂ ದೂರ. ಹೆಚ್ಚುವರಿ ರೈಲು ಬೇಕಾದರೆ ಎರಡು ವಲಯಗಳನ್ನು ಒಪ್ಪಿಸಬೇಕು.

ಕಡೂರು–ಚಿಕ್ಕಮಗಳೂರು 46 ಕಿ.ಮೀ. ಮಾರ್ಗ 2013ರ ನವೆಂಬರ್‌ನಲ್ಲಿ ತೆರೆಯಿತು. ವರ್ಷಗಳ ಕಾಲ ಅಲ್ಲಿ ಓಡಿದ್ದು ಬೆರಳೆಣಿಕೆಯ ಪ್ಯಾಸೆಂಜರ್‌ಗಳು. ತಿರುಪತಿಗೆ ವಾರಕ್ಕೊಂದು ಎಕ್ಸ್‌ಪ್ರೆಸ್ ಸಿಕ್ಕಿದ್ದು 2025ರಲ್ಲಿ. ಹಳಿ ಬಿದ್ದರೆ ರೈಲು ತಾನಾಗಿ ಬರುತ್ತದೆ ಎಂದು ನಂಬಿದವರು ಈ ಹನ್ನೆರಡು ವರ್ಷವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಅರ್ಧ ವೆಚ್ಚದ ಒಪ್ಪಂದ ಮಾಡಿಕೊಳ್ಳುವಾಗಲೇ ‘ಮಾರ್ಗ ತೆರೆದ ದಿನದಿಂದ ದಿನಕ್ಕೆ ಇಷ್ಟು ಜೊತೆ ರೈಲು’ ಎಂಬ ಸಾಲು ಸೇರಿಸಲು ರಾಜ್ಯ ಪಟ್ಟು ಹಿಡಿಯಬೇಕು. ಕಾನೂನಿನ ಬಲ ಇಲ್ಲದಿದ್ದರೂ ಕಡತದಲ್ಲಿ ಬರೆದಿರುವ ಸಾಲಿಗೆ ಮುಂದೆ ಬೆಲೆ ಬರುತ್ತದೆ.

ಹೊಸ ಮಾರ್ಗಕ್ಕಿಂತ ಅರ್ಧಕ್ಕರ್ಧ ಸೂತ್ರ ಚೆನ್ನಾಗಿ ಹೊಂದುವುದು ಜೋಡಿ ಮಾರ್ಗಕ್ಕೆ. ಹಳಿಯ ಪಕ್ಕದ ಜಾಗ ಬಹುಮಟ್ಟಿಗೆ ರೈಲ್ವೆಯದೇ ಆಗಿರುತ್ತದೆ, ರೈಲುಗಳು ಈಗಾಗಲೇ ಓಡುತ್ತಿರುತ್ತವೆ, ಕೆಲಸದ ಲಾಭ ತುಂಡು ತುಂಡಾಗಿ ತೆರೆದಂತೆಲ್ಲ ಸಿಗುತ್ತದೆ. ಬೈಯಪ್ಪನಹಳ್ಳಿ–ಹೊಸೂರು ಮತ್ತು ಯಶವಂತಪುರ–ಚನ್ನಸಂದ್ರ ಜೋಡಿ ಮಾರ್ಗಗಳನ್ನು ರಾಜ್ಯ ಮತ್ತು ರೈಲ್ವೆಯ ಜಂಟಿ ಕಂಪನಿ ಕೆ-ರೈಡ್ ಕೈಗೆತ್ತಿಕೊಂಡದ್ದು ಈ ಸೂತ್ರದಲ್ಲೇ.

ಭೂಮಿಯಲ್ಲೇ ಸಾಯುವ ಯೋಜನೆಗಳು

ಮಾರ್ಗಕ್ಕೆ 30 ಮೀಟರ್ ಅಗಲದ ಪಟ್ಟಿ ಸಾಕು ಎಂದುಕೊಂಡರೂ ಕಿಲೋಮೀಟರಿಗೆ 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ ಹತ್ತಿರ. ನೂರು ಕಿಲೋಮೀಟರಿಗೆ 750 ಎಕರೆ. ನಿಲ್ದಾಣ, ಎತ್ತರದ ಏರಿ, ಆಳದ ಕಡಿತ ಇದ್ದಲ್ಲಿ ಇನ್ನೂ ಹೆಚ್ಚು. ಅದೂ ಉದ್ದನೆಯ ಪಟ್ಟಿ, ನೂರಾರು ಹಿಡುವಳಿಗಳ ಮೇಲೆ ಹಾದುಹೋಗುತ್ತದೆ. ನಡುವಿನ ಎರಡು ಎಕರೆ ಸಿಗದಿದ್ದರೆ ಎರಡೂ ಬದಿಯಲ್ಲಿ ಬಿದ್ದ ಹಳಿಗೆ ಅರ್ಥವಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಗಡಿಯಾರವೊಂದು ಓಡುತ್ತಿರುತ್ತದೆ. ಸೆಕ್ಷನ್ 11ರ ಪ್ರಾಥಮಿಕ ಅಧಿಸೂಚನೆ ಹೊರಟ 12 ತಿಂಗಳೊಳಗೆ ಸೆಕ್ಷನ್ 19ರ ಘೋಷಣೆ ಬರಬೇಕು, ಅಲ್ಲಿಂದ 12 ತಿಂಗಳೊಳಗೆ ಪರಿಹಾರದ ಐತೀರ್ಪು. ಸರ್ಕಾರ ಅವಧಿ ವಿಸ್ತರಿಸದೆ ಗಡುವು ಮೀರಿದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಗಡುವು ಮೀರುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಪೌತಿ ಖಾತೆ ಆಗದೆ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಅಣ್ಣತಮ್ಮಂದಿರ ನಡುವೆ ಪೋಡಿ ಆಗಿಲ್ಲ. ಕೊಳವೆಬಾವಿ, ತೆಂಗಿನ ಮರ ಜಂಟಿ ಅಳತೆಯ ಪಟ್ಟಿಯಲ್ಲಿ ಬಿಟ್ಟುಹೋಗಿವೆ. ಹೋರಾಟ ಸಮಿತಿಗಳು ದಿಲ್ಲಿಗೆ ನಿಯೋಗ ಹೋಗುವ ಖರ್ಚಿನಲ್ಲಿ ಹತ್ತು ಹಳ್ಳಿಯಲ್ಲಿ ಪೌತಿ ಖಾತೆ ಅದಾಲತ್ ನಡೆಸುವಂತೆ ತಹಶೀಲ್ದಾರರ ಬೆನ್ನು ಹತ್ತಿದರೆ ಮಾರ್ಗಕ್ಕೆ ಹೆಚ್ಚು ಉಪಕಾರ.

ಪರಿಹಾರದ ಜಗಳಕ್ಕೆ ಬೇರು ಕ್ರಯಪತ್ರದಲ್ಲಿದೆ. ಮಾರ್ಗಸೂಚಿ ಬೆಲೆ, ಹಿಂದಿನ ಮೂರು ವರ್ಷಗಳ ಸುತ್ತಮುತ್ತಲ ನೋಂದಾಯಿತ ಮಾರಾಟಗಳಲ್ಲಿ ಹೆಚ್ಚು ಬೆಲೆಗೆ ಹೋದ ಅರ್ಧದಷ್ಟು ಮಾರಾಟಗಳ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಗ್ರಾಮಾಂತರದಲ್ಲಿ ಅದನ್ನು ಒಂದರಿಂದ ಎರಡರವರೆಗಿನ ಗುಣಕದಿಂದ ಗುಣಿಸಿ, ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಸಾಂತ್ವನ ಧನ) ಸೇರಿಸುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲು ಎಲ್ಲರೂ ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸಿದ ಊರಿನಲ್ಲಿ ಈ ನಾಲ್ಕು ಪಟ್ಟು ಕೂಡ ನಿಜವಾದ ಬೆಲೆಗೆ ಹತ್ತಿರ ಬರುವುದಿಲ್ಲ. ರೈತ ಕೋರ್ಟಿಗೆ ಹೋಗುತ್ತಾನೆ, ಹೋಗಲೇಬೇಕು. ಧಾರವಾಡ–ಕಿತ್ತೂರು–ಬೆಳಗಾವಿ 73 ಕಿ.ಮೀ. ಮಾರ್ಗ 927 ಕೋಟಿ ಅಂದಾಜಿನಲ್ಲಿ ಮಂಜೂರಾದ ಮೇಲೂ ಫಲವತ್ತಾದ ಜಮೀನಿನ ರೈತರ ವಿರೋಧದಿಂದ ನಿಧಾನವಾಯಿತು.

ಕಾಡು ಅಡ್ಡ ಬಂದರೆ ಯಾವ ಹಣದ ದಾರಿಯೂ ಪ್ರಯೋಜನಕ್ಕಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ತೊಂಬತ್ತರ ದಶಕದಿಂದ ಪಶ್ಚಿಮಘಟ್ಟದ ಅನುಮತಿಗಾಗಿ ಅಲೆಯುತ್ತಿದೆ. ನಕ್ಷೆಯಲ್ಲಿ ಹುಲಿ ಕಾರಿಡಾರ್ ಅಥವಾ ದಟ್ಟ ಅರಣ್ಯ ಇದ್ದರೆ ಬೇರೆ ಜಾಡು ಹುಡುಕಿ, ಅಥವಾ ಇರುವ ಘಾಟಿ ಮಾರ್ಗದ ಸಾಮರ್ಥ್ಯ ಹೆಚ್ಚಿಸಲು ಕೇಳಿ.

ಪಾಲುದಾರಿಕೆ ಕಂಪನಿ: ಬಂದರು ಇದ್ದವರಿಗೆ

ಒಂದು ಮಾರ್ಗಕ್ಕೆಂದೇ ಕಂಪನಿ ಕಟ್ಟಿ, ರೈಲ್ವೆ, ರಾಜ್ಯ, ಬಂದರು, ಉದ್ಯಮ ಷೇರು ಹಾಕಿ, ಉಳಿದದ್ದಕ್ಕೆ ಸಾಲ ಎತ್ತುವ ವಿಧಾನವಿದು. ನಮ್ಮಲ್ಲಿ ಎರಡು ಮಾದರಿ ಇವೆ.

ಕೊಂಕಣ ರೈಲ್ವೆ ನಿಗಮ 1990ರಲ್ಲಿ ಹುಟ್ಟಿತು. ರೈಲ್ವೆ ಶೇ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಬಾಂಡ್‌ಗಳಿಂದ ಹಣ ಎತ್ತಿ, 1998ರ ಜನವರಿಗೆ ಇಡೀ ಮಾರ್ಗ ತೆರೆಯಿತು. ಬಜೆಟ್ ಹಂಚಿಕೆಗೆ ಕಾಯುತ್ತಿದ್ದರೆ ಎಂಟು ವರ್ಷದಲ್ಲಿ ಆಗುವ ಕೆಲಸವೇ ಅಲ್ಲ. ಆದರೆ ಸಾಲ ತೀರಿಸಬೇಕಲ್ಲ? ಪ್ರಯಾಣ ದರ ಲೆಕ್ಕ ಹಾಕುವಾಗ ನಿಜವಾದ ದೂರಕ್ಕೆ ಶೇ 40 ಸೇರಿಸುವ ಪದ್ಧತಿ ಅಲ್ಲಿಂದ ಬಂತು. ಉಡುಪಿ, ಕುಂದಾಪುರ, ಕಾರವಾರದವರು ಹೋಗದ ಕಿಲೋಮೀಟರಿಗೂ ಹಣ ಕೊಡುತ್ತಾರೆ. ಜೊತೆಗೆ ನಿಗಮಕ್ಕೆ ಇತರ ವಲಯಗಳ ಹಾಗೆ ಬಜೆಟ್ ಹಣ ಸಲೀಸಾಗಿ ಬರುವುದಿಲ್ಲ. ಜೋಡಿ ಮಾರ್ಗ ಎಂದು ಈವರೆಗೆ ಮುಗಿದದ್ದು ರೋಹಾ–ವೀರ್ ನಡುವಿನ 46 ಕಿ.ಮೀ. ಮಾತ್ರ. ಕರಾವಳಿಯಲ್ಲಿ ‘ಭಾರತೀಯ ರೈಲ್ವೆಗೆ ವಿಲೀನ ಮಾಡಿ’ ಎಂಬ ಕೂಗಿನ ಹಿಂದಿರುವುದು ಇದೇ ಲೆಕ್ಕ.

ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ 2003ರದ್ದು. ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಮಾಡಿದ್ದು ಇದು. 2006ರಲ್ಲಿ ಗೂಡ್ಸ್ ಓಡತೊಡಗಿತು, ಪ್ರಯಾಣಿಕರಿಗೆ ತೆರೆದದ್ದು 2007ರ ಡಿಸೆಂಬರ್‌ನಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯ ಏರು 50ಕ್ಕೆ 1, ಪ್ರಯಾಣಿಕರಿಗೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕು ಎಂಬುದು ನಿಜ. ಆದರೂ ಕ್ರಮ ಗಮನಿಸಿ: ಹಣ ಹಾಕಿದವರಿಗೆ ಬೇಕಾದದ್ದು ಮೊದಲು ಓಡಿತು. ಕಂಪನಿ ದಾರಿ ಆರಿಸಿದರೆ ಷೇರುದಾರರಲ್ಲಿ ಪ್ರಯಾಣಿಕರ ಪರ ಮಾತನಾಡುವವರು ರಾಜ್ಯ ಸರ್ಕಾರ ಒಂದೇ.

ಸಾಲ, ಖಾಸಗಿ: ಸಣ್ಣ ಊರಿಗೆ ಸಂಬಂಧವಿಲ್ಲದ ಎರಡು

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನಿನ ಸರ್ಕಾರಿ ನೆರವು ಸಂಸ್ಥೆ ಜೈಕಾ ಶೇ 0.1 ಬಡ್ಡಿಗೆ, 50 ವರ್ಷದ ಅವಧಿಗೆ, ಮೊದಲ 15 ವರ್ಷ ಕಂತಿಲ್ಲದೆ, ವೆಚ್ಚದ ಶೇ 81ರಷ್ಟು ಸಾಲ ಕೊಡಲು ಒಪ್ಪಿತು. ಕೇಳಲು ಚೆಂದ. ಆದರೆ ಕಿಲೋಮೀಟರಿಗೆ ಎಷ್ಟು ಎಂದು ಭಾಗಿಸಿ ನೋಡಿ. ಧಾರವಾಡ–ಬೆಳಗಾವಿ ಹೊಸ ಮಾರ್ಗ ಮಂಜೂರಾತಿ ಅಂದಾಜಿನಲ್ಲಿ 13 ಕೋಟಿಗೆ ಸ್ವಲ್ಪ ಕಡಿಮೆ, ಬಳ್ಳಾರಿ–ಚಿಕ್ಕಜಾಜೂರು 18 ಕೋಟಿ, ಬೆಂಗಳೂರು ಉಪನಗರ ರೈಲು (148 ಕಿ.ಮೀ., 15,767 ಕೋಟಿ) 106 ಕೋಟಿ, ಬುಲೆಟ್ ರೈಲು ಮೂಲ ಅಂದಾಜಿನಲ್ಲೇ 212 ಕೋಟಿ, ದಿಲ್ಲಿ–ಮೀರತ್ ಪ್ರಾದೇಶಿಕ ವೇಗದ ರೈಲು (82 ಕಿ.ಮೀ., 30,274 ಕೋಟಿ) 369 ಕೋಟಿ. ಉಪನಗರ ರೈಲಿಗೆ ಕೇಂದ್ರ ಶೇ 20, ರಾಜ್ಯ ಶೇ 20, ಉಳಿದ 60 ಸಾಲ. ಇಂಥ ಸಾಲ ಹೊರುವ ಪ್ರಯಾಣಿಕರ ದಟ್ಟಣೆ ಬೆಂಗಳೂರಿನ ಸುತ್ತ ಮಾತ್ರ ಇದೆ. ತುಮಕೂರು, ಮೈಸೂರು ಕಡೆಗೆ ಈ ದಾರಿ ಯೋಚಿಸಬಹುದು, ಕೊಪ್ಪಳಕ್ಕೆ ಬೇಡ.

ಖಾಸಗಿ ರೈಲಿನ ಕಥೆ ಚಿಕ್ಕದು. 2020ರಲ್ಲಿ ರೈಲ್ವೆ 109 ಊರು-ಜೋಡಿಗಳ ನಡುವೆ 151 ಖಾಸಗಿ ರೈಲು ಓಡಿಸಲು, 30,000 ಕೋಟಿ ಹೂಡಿಕೆಯ ನಿರೀಕ್ಷೆಯಿಟ್ಟು ಅರ್ಜಿ ಕರೆಯಿತು. 2021ರಲ್ಲಿ ಬಿಡ್ ಹಾಕಿದವರು ಇಬ್ಬರು, ಅದರಲ್ಲೊಬ್ಬರು ರೈಲ್ವೆಯದೇ ಐಆರ್‌ಸಿಟಿಸಿ. ಪ್ರಸ್ತಾವ ಅಲ್ಲಿಗೆ ನಿಂತಿತು. ಹಳಿ, ಸಿಗ್ನಲ್, ವೇಳಾಪಟ್ಟಿ ಎಲ್ಲ ಪೈಪೋಟಿ ಮಾಡುವ ರೈಲ್ವೆಯ ಕೈಯಲ್ಲೇ ಇರುವಾಗ, ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಶೇ 46 ರಿಯಾಯಿತಿಯ ಟಿಕೆಟ್ ಸಿಗುವಾಗ ಯಾರು ಬರುತ್ತಾರೆ?

ಓಡಿಸುವ ನಷ್ಟ ರಾಜ್ಯ ತುಂಬಿದರೆ?

ಅಮೆರಿಕದಲ್ಲಿ 2013ರ ಅಕ್ಟೋಬರ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಈಶಾನ್ಯ ಕಾರಿಡಾರ್ ಬಿಟ್ಟು 750 ಮೈಲಿಗಿಂತ, ಅಂದರೆ ಸುಮಾರು 1,200 ಕಿಲೋಮೀಟರಿಗಿಂತ ಕಡಿಮೆ ದೂರದ ಆಮ್‌ಟ್ರಾಕ್ (ಅಲ್ಲಿನ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ) ಮಾರ್ಗಗಳ ವೆಚ್ಚವನ್ನು ಆಯಾ ರಾಜ್ಯಗಳೇ ಹಂಚಿಕೊಳ್ಳಬೇಕು. ಹೊರೆ ದೊಡ್ಡದು, ಆದರೆ ದಿನಕ್ಕೆ ಎಷ್ಟು ರೈಲು, ಎಷ್ಟು ಹೊತ್ತಿಗೆ ಎಂದು ಮಾತನಾಡುವ ಹಕ್ಕು ಹಣದ ಜೊತೆ ಬರುತ್ತದೆ. ಜರ್ಮನಿಯಲ್ಲೂ 1996ರಿಂದ ಪ್ರಾದೇಶಿಕ ರೈಲುಗಳನ್ನು ರಾಜ್ಯಗಳೇ ಆರ್ಡರ್ ಮಾಡಿ ತರಿಸಿಕೊಳ್ಳುತ್ತವೆ, ಅದಕ್ಕೆ ಕೇಂದ್ರ ಹಣ ಕೊಡುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರ ಬಂದ ಒಂದು ಪ್ರಯೋಗ ಕರ್ನಾಟಕದ್ದೇ. 2022ರ ನವೆಂಬರ್‌ನಲ್ಲಿ ಭಾರತ್ ಗೌರವ್ ಯೋಜನೆಯಡಿ ಮುಜರಾಯಿ ಇಲಾಖೆ ಕಾಶಿ ಯಾತ್ರೆಯ ರೈಲು ಹೊರಡಿಸಿತು. ಎಂಟು ದಿನದ ಪ್ರವಾಸಕ್ಕೆ 20,000 ರೂಪಾಯಿ, ಅದರಲ್ಲಿ 5,000 ರಾಜ್ಯದ ಸಹಾಯಧನ. ಅದು ಪ್ರವಾಸ, ದಿನನಿತ್ಯದ ಸೇವೆ ಅಲ್ಲ. ಆದರೂ ರಾಜ್ಯದ ಹಣ ಪ್ರಯಾಣಿಕನ ಲೆಕ್ಕದಲ್ಲಿ ರೈಲಿಗೆ ಹೋಗಬಹುದು ಎಂಬುದಕ್ಕೆ ದಾಖಲೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಬಸ್ ಟಿಕೆಟ್ ಹಣವನ್ನು ರಾಜ್ಯ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತಿದೆ. ಬಸ್ಸಿಗೆ ಇರುವ ಈ ವ್ಯವಸ್ಥೆ ರೈಲಿಗೆ ಇಲ್ಲ. ರಾಜ್ಯ ಹೊಸ ಮಾರ್ಗಕ್ಕೆ ಎತ್ತಿಡುವ ನೂರಾರು ಕೋಟಿಯಲ್ಲಿ ಒಂದು ಸಣ್ಣ ಪಾಲನ್ನು, ಈಗಾಗಲೇ ಇರುವ ಹಳಿಯ ಮೇಲೆ ಎರಡು ಜಿಲ್ಲಾ ಕೇಂದ್ರಗಳ ನಡುವೆ ದಿನಕ್ಕೆ ನಾಲ್ಕು ಮೆಮು (ವಿದ್ಯುತ್ತಿನ ಪ್ಯಾಸೆಂಜರ್ ರೈಲು) ಓಡಿಸುವ ನಷ್ಟಕ್ಕೆ ಇಟ್ಟರೆ ಹೆಚ್ಚು ಜನರಿಗೆ ಬೇಗ ರೈಲು ಸಿಗುತ್ತದೆ ಎಂಬುದು ಇಲ್ಲಿನ ಖಚಿತ ಅಭಿಪ್ರಾಯ. ತೊಡಕು ಒಂದೇ: ಒಮ್ಮೆ ರಾಜ್ಯ ನಷ್ಟ ತುಂಬಲು ಒಪ್ಪಿದರೆ, ಈಗ ರೈಲ್ವೆ ತಾನೇ ಹೊರುತ್ತಿರುವ ನಷ್ಟವನ್ನೂ ನಾಳೆ ರಾಜ್ಯದ ತಲೆಗೆ ಕಟ್ಟಬಹುದು. ಹಾಗಾಗಿ ‘ಈಗಿರುವ ರೈಲುಗಳಿಗಿಂತ ಹೆಚ್ಚುವರಿಯಾಗಿ’ ಎಂಬ ಷರತ್ತು, ಮತ್ತು ಮೂರು ವರ್ಷದಂಥ ಒಂದು ಅವಧಿ ಕರಾರಿನಲ್ಲಿ ಇರಲೇಬೇಕು.

ಮನವಿ ಯಾರಿಗೆ

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆ ಇಡೀ ಕರ್ನಾಟಕವನ್ನು ಆಳುತ್ತದೆ ಎಂಬ ತಪ್ಪು ಕಲ್ಪನೆಯಿಂದ ಎಷ್ಟೋ ಪತ್ರಗಳು ವ್ಯರ್ಥವಾಗುತ್ತವೆ. ಅದರ ವಿಭಾಗಗಳು ಹುಬ್ಬಳ್ಳಿ, ಬೆಂಗಳೂರು, ಮೈಸೂರು. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ, ಉಡುಪಿ ಕೊಂಕಣ ನಿಗಮಕ್ಕೆ ಸೇರಿದ್ದು. ಕಲಬುರಗಿ, ಬೀದರ್ ಮೇಲೆ ಹೇಳಿದಂತೆ.

ಪ್ಲಾಟ್‌ಫಾರ್ಮ್, ನೀರು, ನೆರಳು, ಶೌಚಾಲಯ ಇವುಗಳಿಗೆ ಡಿಆರ್‌ಎಂ (ವಿಭಾಗದ ಮುಖ್ಯಸ್ಥರು) ಸಾಕು. ಸಂಸದರ ನಿಧಿಯ ವರ್ಷದ 5 ಕೋಟಿಯಲ್ಲೂ ಪ್ರಯಾಣಿಕರ ಸೌಲಭ್ಯಕ್ಕೆ ಹಣ ಕೇಳಬಹುದು. ವಿಸ್ತರಣೆ, ನಿಲುಗಡೆ, ಹೊಸ ರೈಲಿಗೆ ವಲಯದ ಜನರಲ್ ಮ್ಯಾನೇಜರ್ ಶಿಫಾರಸು ಮಾಡಿ ರೈಲ್ವೆ ಮಂಡಳಿಗೆ ಕಳುಹಿಸಬೇಕು, ಅಂತಿಮ ಮಾತು ಮಂಡಳಿಯದು. ಅರ್ಧಕ್ಕರ್ಧ ಮಾರ್ಗಕ್ಕೆ ಮೊದಲ ಪತ್ರ ದಿಲ್ಲಿಗೆ ಹೋಗಬಾರದು. ರಾಜ್ಯ ಸರ್ಕಾರದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ ಹೋಗಬೇಕು, ಅದೂ ರಾಜ್ಯ ಬಜೆಟ್ ತಯಾರಿ ನಡೆಯುವ ಡಿಸೆಂಬರ್–ಜನವರಿಯೊಳಗೆ. ಮಾರ್ಚ್‌ನಲ್ಲಿ ಬಜೆಟ್ ಓದಿ ಮುಗಿದ ಮೇಲೆ ಕೊಟ್ಟ ಮನವಿ ಒಂದು ವರ್ಷ ತಡವಾಯಿತು ಎಂದೇ ಲೆಕ್ಕ.